ಒಂದು ಕ್ರೆಡಿಟ್ಟಿನ ನೀತಿ

ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 9.78 ಮೀಟರಿನ ಆಸುಪಾಸಿನಲ್ಲಿದೆ. ಪಠ್ಯಪುಸ್ತಕದ 9.81 ಎಂಬುದು ಲಂಡನ್, ಪ್ಯಾರಿಸ್ ಕಡೆಯ ಅಕ್ಷಾಂಶದ ಸಂಖ್ಯೆ. ನಾವು ಅವರಿಗಿಂತ ಸಮಭಾಜಕ ವೃತ್ತಕ್ಕೆ ಹತ್ತಿರ. ಮೇಲಾಗಿ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದೇವೆ. ಹಾಗಾಗಿ ಭೂಮಿ ನಮ್ಮನ್ನು ತುಸು ಸಡಿಲವಾಗಿ ಹಿಡಿದುಕೊಂಡಿದೆ. ಆದರೂ ನಗರದ ಕಾಲೇಜುಗಳ ಲ್ಯಾಬ್ ರೆಕಾರ್ಡ್ ತೆರೆದು ನೋಡಿದರೆ, ಗುರುತ್ವ ಅಳೆಯುವ ಸರಳ ಲೋಲಕದ ಪ್ರಯೋಗಕ್ಕೆ ಬಹುಪಾಲು ಉತ್ತರ 9.8 ಅಥವಾ 9.81. ಸೆಂಟಿಮೀಟರ್ ಕಾಲದ ರೆಕಾರ್ಡ್ ಆದರೆ 981.

ಕಾಲೇಜಿನ ಸ್ಟಾಪ್‌ವಾಚಿಗೆ 9.78 ಯಾವುದು 9.81 ಯಾವುದು ಎಂದು ಬಿಡಿಸಿ ಹೇಳುವಷ್ಟು ಸೂಕ್ಷ್ಮತೆ ಇರುವುದಿಲ್ಲ, ನಿಜ. ಒಂದು ಮೀಟರ್ ಉದ್ದದ ಲೋಲಕ 20 ಸಲ ತೂಗಾಡಲು ಸುಮಾರು 40 ಸೆಕೆಂಡ್ ಬೇಕು. ಗುಂಡಿ ಒತ್ತುವ ಬೆರಳು ಸೆಕೆಂಡಿನ ಐದನೇ ಒಂದು ಭಾಗ ಹಿಂದೆ ಮುಂದೆ ಆದರೂ ಉತ್ತರ 0.1ರಷ್ಟು ಆಚೀಚೆ ಹೋಗುತ್ತದೆ. ಅಂದರೆ 9.7 ಬಂದವನೂ 9.9 ಬಂದವಳೂ ಪ್ರಾಮಾಣಿಕವಾಗಿಯೇ ಪ್ರಯೋಗ ಮಾಡಿರಬಹುದು. ಹಾಗಿದ್ದ ಮೇಲೆ ಬ್ಯಾಚಿಗೆ ಬ್ಯಾಚೇ ಎರಡನೇ ದಶಮಾಂಶದವರೆಗೆ ಒಂದೇ ಉತ್ತರ ಬರೆದಿದ್ದರೆ, ಲೋಲಕವನ್ನು ಯಾರೂ ಗಂಭೀರವಾಗಿ ಮಾತಾಡಿಸಿಲ್ಲ ಎಂದೇ ತಿಳಿಯಬೇಕು.

ಇದು ನಡೆಯುವ ಬಗೆ ಸೈನ್ಸ್ ಓದಿದವರಿಗೆಲ್ಲ ಗೊತ್ತು. ಸೀನಿಯರ್ ಒಬ್ಬನ ರೆಕಾರ್ಡ್ ಪಕ್ಕದಲ್ಲಿಟ್ಟುಕೊಳ್ಳುವುದು. ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಹುಟ್ಟಿಸುವುದು. ಗ್ರಾಫ್ ಶೀಟಿನ ಮೇಲೆ ಮೊದಲು ಸ್ಕೇಲಿಟ್ಟು ಗೆರೆ ಎಳೆಯುವುದು, ಚುಕ್ಕೆಗಳನ್ನು ಆಮೇಲೆ ಇಡುವುದು. ಇದರಲ್ಲಿ ಪಳಗಿದವರು ಜೂನಿಯರ್‌ಗೆ ಕಿವಿಮಾತನ್ನೂ ಹೇಳುತ್ತಾರೆ: ‘ಎಲ್ಲಾ ಪಾಯಿಂಟೂ ಲೈನ್ ಮೇಲೇ ಕೂರಿಸಬೇಡ ಮಗಾ, ಡೌಟ್ ಬರುತ್ತೆ. ಒಂದೆರಡನ್ನ ಸ್ವಲ್ಪ ಆಚೆ ಹಾಕು.’ ಈ ಕಲೆ ಯಾವ ಸಿಲಬಸ್ಸಿನಲ್ಲೂ ಇಲ್ಲ. ಆದರೆ ಡಿಗ್ರಿ ಮುಗಿಸಿ ಹೊರಬಂದವರಲ್ಲಿ ಇದು ಬಾರದವರು ಕಡಿಮೆ.

ಬರೀ ವಿದ್ಯಾರ್ಥಿಗಳನ್ನು ಬೈದು ಪ್ರಯೋಜನವಿಲ್ಲ. ಎರಡು ಗಂಟೆಯ ಲ್ಯಾಬು, ಒಂದು ಉಪಕರಣಕ್ಕೆ ನಾಲ್ಕೈದು ಜನ, ಉಪಕರಣಗಳಲ್ಲಿ ಅರ್ಧ ಕೆಟ್ಟಿರುತ್ತವೆ. 9.4 ಬಂತು ಎಂದು ತೋರಿಸಿದರೆ ಮೇಷ್ಟ್ರು ‘ರೀಡಿಂಗ್ ತಪ್ಪಿದೆ, ರಿಪೀಟ್ ಮಾಡು’ ಎನ್ನುತ್ತಾರೆ. ಯಾಕೆ 9.4 ಬಂತು, ದಾರದ ಉದ್ದ ಅಳೆಯುವಾಗ ಗುಂಡಿನ ತ್ರಿಜ್ಯ ಸೇರಿಸಿದೆಯಾ, ಒಂದು ಆಂದೋಲನ ಎಣಿಸದೆ ಬಿಟ್ಟೆಯಾ ಎಂದು ಕೇಳಲು ಅವರಿಗೂ ಪುರುಸೊತ್ತಿಲ್ಲ. ಅಂಕ ಇರುವುದು ಉತ್ತರಕ್ಕೆ. ಹಾಗಾಗಿ ಎರಡನೇ ವಾರದ ಹೊತ್ತಿಗೆ ಹುಡುಗರು ಪಾಠ ಕಲಿತುಬಿಡುತ್ತಾರೆ. ಬಂದದ್ದನ್ನು ಬರೆದವನಿಗೆ ರಿಪೀಟು, ಬರಬೇಕಾದ್ದನ್ನು ಬರೆದವನಿಗೆ ಸಹಿ.

ವಿಜ್ಞಾನ, ಇಂಜಿನಿಯರಿಂಗ್ ಓದುವವರಿಗೆ ನೀತಿ ಕಲಿಸಬೇಕೇ ಎಂದು ಸೆಮಿನಾರುಗಳಲ್ಲಿ ಚರ್ಚೆ ನಡೆಯುತ್ತಲೇ ಇರುತ್ತದೆ. ಕಲಿಸುವ ಕೆಲಸ ಎಂದೋ ಶುರುವಾಗಿದೆ. ಲ್ಯಾಬ್ ಇರುವ ದಿನವೆಲ್ಲ ತಪ್ಪದೆ ನಡೆಯುತ್ತದೆ, ಉಲ್ಟಾ ಪಾಠ ಅಷ್ಟೆ.

ನೆಟ್ಟಗಿನ ಪಾಠಕ್ಕೆ ಒಂದು ಉದಾಹರಣೆ ಇಲ್ಲಿದೆ. ಎಣ್ಣೆಹನಿಯ ಪ್ರಯೋಗದಿಂದ ಎಲೆಕ್ಟ್ರಾನಿನ ವಿದ್ಯುದಂಶ ಅಳೆದ ರಾಬರ್ಟ್ ಮಿಲಿಕನ್ ಹೆಸರು ಪಿಯುಸಿ ದಾಟಿದವರೆಲ್ಲ ಕೇಳಿರುತ್ತಾರೆ. 1923ರ ನೊಬೆಲ್ ಅವರಿಗೆ ಸಂದಿತು. 1913ರ ಪ್ರಬಂಧದಲ್ಲಿ ಅವರು 58 ಹನಿಗಳ ಲೆಕ್ಕ ಕೊಟ್ಟು, ಇವು ಆರಿಸಿ ತೆಗೆದವಲ್ಲ, ಸತತ 60 ದಿನ ಪ್ರಯೋಗಕ್ಕೆ ಸಿಕ್ಕ ಎಲ್ಲ ಹನಿಗಳೂ ಇಲ್ಲಿವೆ ಎಂದು ಬರೆದರು. ಮುಂದೆ 1978ರಲ್ಲಿ ವಿಜ್ಞಾನದ ಇತಿಹಾಸಕಾರ ಜೆರಾಲ್ಡ್ ಹೋಲ್ಟನ್ ಮಿಲಿಕನ್ನರ ನೋಟ್‌ಬುಕ್ ತೆರೆದು ತೋರಿಸಿದರು. ಹನಿಗಳು 58ಕ್ಕಿಂತ ಬಹಳ ಹೆಚ್ಚಿದ್ದವು. ಕೆಲವು ಪುಟಗಳ ಅಂಚಿನಲ್ಲಿ ಸೊಗಸಾಗಿ ಬಂದಿದೆ, ಪ್ರಕಟಿಸಬೇಕು ಎಂಬರ್ಥದ ಟಿಪ್ಪಣಿ. ಇನ್ನು ಕೆಲವೆಡೆ ಏನೋ ತಪ್ಪಾಗಿದೆ ಎಂಬ ಗೊಣಗಾಟ.

ಹಾಗಾದರೆ ಮಿಲಿಕನ್ ಮೋಸಗಾರರೇ? ಇಲ್ಲಿಯೇ ವಿಷಯ ಪಾಠಕ್ಕೆ ಹದವಾಗುವುದು. ಬಿಟ್ಟ ಹನಿಗಳಲ್ಲಿ ಬಹಳಷ್ಟನ್ನು ಬಿಡಲು ತಾಂತ್ರಿಕ ಕಾರಣವಿತ್ತು. ಅವನ್ನೆಲ್ಲ ಸೇರಿಸಿದರೂ ಉತ್ತರ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಸಂಖ್ಯೆ ಸರಿಯಿತ್ತು, ಸಂಖ್ಯೆಯ ಬಗ್ಗೆ ಬರೆದ ಆ ಒಂದು ವಾಕ್ಯ ಸರಿಯಿರಲಿಲ್ಲ. ಕೆಟ್ಟ ರೀಡಿಂಗನ್ನು ಕಾರಣ ಕೊಟ್ಟು ಕೈಬಿಡುವುದಕ್ಕೂ ಇಷ್ಟವಾಗದ ರೀಡಿಂಗನ್ನು ಸದ್ದಿಲ್ಲದೆ ಕೈಬಿಡುವುದಕ್ಕೂ ಗಡಿ ಎಲ್ಲಿದೆ? ಇದಕ್ಕೆ ಆಬ್ಜೆಕ್ಟಿವ್ ಪ್ರಶ್ನೆಯ ನಾಲ್ಕು ಆಯ್ಕೆಗಳಲ್ಲಿ ಉತ್ತರ ಸಿಗುವುದಿಲ್ಲ. ಒಂದು ಗಂಟೆ ಕೂತು ಜಗಳವಾಡಬೇಕು.

ಮಿಲಿಕನ್ ಕಥೆಗೆ ಇನ್ನೊಂದು ಬಾಲವೂ ಇದೆ. ಗಾಳಿಯ ಸ್ನಿಗ್ಧತೆಗೆ ಮಿಲಿಕನ್ ಬಳಸಿದ ಸಂಖ್ಯೆ ತುಸು ತಪ್ಪಿತ್ತು, ಹಾಗಾಗಿ ಅವರ ಉತ್ತರ ತುಸು ಕಡಿಮೆ ಬಂದಿತ್ತು. ನಂತರ ಅಳೆದವರು ಒಂದೇ ಏಟಿಗೆ ಸರಿಯಾದ ಸಂಖ್ಯೆಗೆ ಬರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ಮಿಲಿಕನ್ನರಿಗಿಂತ ಬಹಳ ಹೆಚ್ಚು ಬಂದರೆ ತಮ್ಮದೇ ತಪ್ಪೆಂದು ಹುಡುಕುತ್ತಿದ್ದರು, ಹತ್ತಿರ ಬಂದರೆ ಹುಡುಕುತ್ತಿರಲಿಲ್ಲ. 1974ರಲ್ಲಿ ಕ್ಯಾಲ್ಟೆಕ್ ವಿದ್ಯಾರ್ಥಿಗಳ ಮುಂದೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಇದನ್ನು ಹೇಳಿ ತಮ್ಮವರದೇ ಮಾನ ಕಳೆದರು. ನಮ್ಮ ಹುಡುಗರು 9.81ಕ್ಕೆ ಹೊಂದಿಸುವುದೂ ಇದೇ ಜಾತಿಯದು, ಗಾತ್ರ ಮಾತ್ರ ಚಿಕ್ಕದು.

ಇನ್ನು ಅಧಿಕೃತ ನೀತಿಪಾಠದ ಕಡೆ ಬರೋಣ. ಅದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 2018ರ ಸ್ಕೀಮಿನಲ್ಲಿ ಭಾರತದ ಸಂವಿಧಾನ, ವೃತ್ತಿನೀತಿ, ಸೈಬರ್ ಕಾನೂನು ಮೂರನ್ನೂ ಒಂದೇ ವಿಷಯದಲ್ಲಿ ತುರುಕಿತ್ತು. ಒಂದು ಕ್ರೆಡಿಟ್, ಆಬ್ಜೆಕ್ಟಿವ್ ಪರೀಕ್ಷೆ. ತಾಂತ್ರಿಕ ಶಿಕ್ಷಣದ ನಿಯಂತ್ರಕ ಎಐಸಿಟಿಇ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮ ತಂದಿತು, ಯೂನಿವರ್ಸಲ್ ಹ್ಯೂಮನ್ ವ್ಯಾಲ್ಯೂಸ್ ಎಂಬ ವಿಷಯ ತಂದಿತು. ಸಾಮರಸ್ಯ, ಕುಟುಂಬ, ಪ್ರಕೃತಿಯೊಡನೆ ಸಹಬಾಳ್ವೆ ಎಲ್ಲ ಅದರಲ್ಲಿವೆ. ಕೆಟ್ಟದ್ದೇನಿಲ್ಲ. ಆದರೆ ಕಾಂಕ್ರೀಟ್, ಕೋಡ್, ಕೆಮಿಕಲ್ ರಿಯಾಕ್ಟರ್ ಇವುಗಳ ಸುದ್ದಿಗೆ ಅದು ಹೋಗುವುದು ಅಪರೂಪ. ಟೈಮ್‌ಟೇಬಲ್ಲಿನಲ್ಲಿ ಯಾರಿಗೆ ವರ್ಕ್‌ಲೋಡ್ ಕಡಿಮೆಯಿದೆಯೋ ಅವರ ತಲೆಗೆ ಅದನ್ನು ಕಟ್ಟುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಕ್ವೆಶ್ಚನ್ ಬ್ಯಾಂಕ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ನೀತಿಯ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರ ಕಥೆಗಳು ಪ್ರತಿ ಕಾಲೇಜಿನಲ್ಲೂ ಇವೆ. ನಿಜವೋ ಕಟ್ಟುಕಥೆಯೋ, ಎಲ್ಲರೂ ನಂಬುತ್ತಾರೆ ಎಂಬುದೇ ಸಾಕ್ಷಿ.

ಎನ್‌ಬಿಎ ಇಂಜಿನಿಯರಿಂಗ್ ಕೋರ್ಸುಗಳಿಗೆ ಕೊಡುವ ಮಾನ್ಯತೆಯ ವಿಷಯ ಇನ್ನೂ ಸ್ವಾರಸ್ಯದ್ದು. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯನಾದ ಮೇಲೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಪಿಒ’ ಎಂಬ ಎರಡಕ್ಷರ ಮಂತ್ರವಾಯಿತು. ‘ಪ್ರೋಗ್ರಾಂ ಔಟ್‌ಕಮ್’, ಅಂದರೆ ಪದವೀಧರನಲ್ಲಿ ಇರಬೇಕಾದ ಗುಣಗಳ ಪಟ್ಟಿ ಅದು. ವರ್ಷಾನುಗಟ್ಟಲೆ ಅದರಲ್ಲಿ 12 ಗುಣಗಳಿದ್ದವು, ಎಂಟನೆಯದು ನೀತಿ. ಪ್ರತಿ ವಿಷಯದ ಮೇಷ್ಟ್ರು ತನ್ನ ಪಾಠ ಯಾವ ಗುಣವನ್ನು ಎಷ್ಟು ಬೆಳೆಸುತ್ತದೆ ಎಂದು ಕೋಷ್ಟಕದಲ್ಲಿ 1, 2, 3 ಎಂದು ತುಂಬಬೇಕು. ಫ್ಲುಯಿಡ್ ಮೆಕ್ಯಾನಿಕ್ಸ್ ಪಾಠದಿಂದ ನೀತಿ ಎಷ್ಟು ಬಂತು? ಖಾಲಿ ಬಿಟ್ಟರೆ ಸಮಿತಿ ಪ್ರಶ್ನಿಸುತ್ತದೆ, 3 ಹಾಕಿದರೆ ಸಾಕ್ಷಿ ಕೇಳುತ್ತದೆ. ಹಾಗಾಗಿ 1 ಹಾಕು ಎಂದು ಕೋಆರ್ಡಿನೇಟರ್ ಹೇಳುತ್ತಾರೆ. ವರ್ಷದ ಕೊನೆಗೆ ಎಕ್ಸೆಲ್ ಶೀಟು ಕೂಡಿ ಭಾಗಿಸಿ, ನಿಮ್ಮ ವಿಭಾಗದಲ್ಲಿ ನೀತಿ ಇಷ್ಟು ಸಾಧನೆಯಾಗಿದೆ ಎಂದು ದಶಮಾಂಶದಲ್ಲಿ ಉತ್ತರ ಕೊಡುತ್ತದೆ. ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಬರೆಯುವ ಹುಡುಗನಿಗೂ ಈ ಶೀಟಿಗೂ ಎಷ್ಟು ದೂರ? ಮಾನ್ಯತೆಯ ಮೇಲಿನ ಹಂತದ ಸಮಾಚಾರವೂ ಗೊತ್ತಿರುವುದೇ. 2025ರ ಫೆಬ್ರುವರಿಯಲ್ಲಿ, ಇಡೀ ಸಂಸ್ಥೆಗೆ ಮಾನ್ಯತೆ ಕೊಡುವ ನ್ಯಾಕ್‌ನ ಪರಿಶೀಲನಾ ತಂಡದ ಸದಸ್ಯರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು.

ಪಿಎಚ್‌ಡಿ ಮಾಡುವವರಿಗೆ ಯುಜಿಸಿ 2019ರ ಕೊನೆಯಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ಎರಡು ಕ್ರೆಡಿಟ್ಟಿನ ಕೋರ್ಸ್ ಕಡ್ಡಾಯ ಮಾಡಿತು. ಒಳ್ಳೆಯದೇ, ತಡವಾಯಿತು ಅಷ್ಟೆ. ಅದಕ್ಕೂ ಮುಂಚೆ 2018ರಲ್ಲಿ ಕೃತಿಚೌರ್ಯದ ನಿಯಮ ಬಂದಿತ್ತು: ಹೋಲಿಕೆ ಶೇ 10ರ ಒಳಗಿದ್ದರೆ ಶಿಕ್ಷೆಯಿಲ್ಲ, ಮೇಲೆ ಹೋದಂತೆ ಮೂರು ಹಂತದ ದಂಡನೆ. ಪರಿಣಾಮವಾಗಿ ಸಂಶೋಧಕರ ಬಾಯಲ್ಲಿ ‘ಟೆನ್ ಪರ್ಸೆಂಟ್ ಒಳಗೆ ತಂದ್ಯಾ’ ಎಂಬ ಮಾತು ಚಾಲ್ತಿಗೆ ಬಂತು. ಕದ್ದ ವಿಚಾರವನ್ನು ಪದ ಬದಲಿಸಿ ಬರೆದರೆ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಪದ ಬದಲಿಸಲು ಈಗ ಚಾಟ್‌ಜಿಪಿಟಿಯೇ ಇದೆ. ಇನ್ನು ಚಿತ್ರ ತಿರುಚುವುದನ್ನು ಪದಗಳ ತಂತ್ರಾಂಶ ಹಿಡಿಯುವುದು ಎಲ್ಲಿಂದ ಬಂತು. ಸೂಕ್ಷ್ಮಜೀವಿ ವಿಜ್ಞಾನಿ ಎಲಿಸಬೆತ್ ಬಿಕ್ ಮತ್ತು ಸಂಗಡಿಗರು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀವವಿಜ್ಞಾನ ಪ್ರಬಂಧಗಳನ್ನು ಕಣ್ಣಿಂದಲೇ ಜಾಲಾಡಿ, ಶೇ 3.8ರಷ್ಟರಲ್ಲಿ ಅನುಮಾನಾಸ್ಪದ ಚಿತ್ರಗಳಿವೆ ಎಂದು 2016ರಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ ಎಂಬ ಹೆಸರಾಂತ ಜೀವವಿಜ್ಞಾನ ಸಂಸ್ಥೆಯ ಒಂದು ಪ್ರಬಂಧ ಕೂಡ ಚಿತ್ರಗಳನ್ನು ತಿರುಚಿದ್ದಕ್ಕಾಗಿ 2021ರಲ್ಲಿ ವಾಪಸಾಯಿತು.

ತರಗತಿಯಲ್ಲಿ ನೀತಿ ಎಂದ ಕೂಡಲೇ ನಮ್ಮಲ್ಲಿ ಕಥೆ ಶುರುವಾಗುತ್ತದೆ. ಸೆಪ್ಟೆಂಬರ್ 15ರ ಇಂಜಿನಿಯರ್ಸ್ ಡೇ ಭಾಷಣಗಳಲ್ಲಿ ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿ ತಪ್ಪುವುದಿಲ್ಲ: ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತದ ಕೆಲಸಕ್ಕೆ ಸ್ವಂತದ ಬತ್ತಿ. ಇದೇ ಕಥೆಯನ್ನು ಎಣ್ಣೆದೀಪ ಇಟ್ಟು ಚಾಣಕ್ಯನ ಹೆಸರಲ್ಲೂ ಹೇಳುವುದುಂಟು, ಹಾಗಾಗಿ ನಡೆದದ್ದೇ ಎಂದು ನಾನು ಪ್ರಮಾಣ ಮಾಡಲಾರೆ. ಕಥೆ ಚೆನ್ನಾಗಿದೆ. ತೊಂದರೆ ಏನೆಂದರೆ, ಅದರಲ್ಲಿ ಇಂಜಿನಿಯರಿಂಗೇ ಇಲ್ಲ. ತಹಶೀಲ್ದಾರರ ಬಗ್ಗೆಯೂ ಅದನ್ನು ಹೇಳಬಹುದು. ಕೈ ಶುದ್ಧವಾಗಿರುವ ಇಂಜಿನಿಯರ್ ಕೂಡ ಬೀಳುವ ಸೇತುವೆ ಕಟ್ಟಬಲ್ಲ. ಲಂಚ ಮುಟ್ಟದವನೂ ಅಪಾಯದ ವರದಿಗೆ ಸಹಿ ಹಾಕಬಲ್ಲ.

ಇನ್ನೊಂದು ಬಗೆ ಹುತಾತ್ಮರ ಕಥೆ. ಐಐಟಿ ಕಾನ್ಪುರದಲ್ಲಿ ಓದಿದ ಸತ್ಯೇಂದ್ರ ದುಬೆ ಸುವರ್ಣ ಚತುಷ್ಪಥ ರಸ್ತೆಯ ಕಾಮಗಾರಿಯಲ್ಲಿನ ಅಕ್ರಮದ ಬಗ್ಗೆ ಪ್ರಧಾನಿಗೇ ಪತ್ರ ಬರೆದಿದ್ದರು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. 2003ರ ನವೆಂಬರ್ 27ರಂದು ಗಯಾದಲ್ಲಿ ಗುಂಡಿಗೆ ಬಲಿಯಾದರು. ಎರಡು ವರ್ಷದ ನಂತರ ಮಂಜುನಾಥ್ ಷಣ್ಮುಗಂ. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಓದಿದ ಹುಡುಗ. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಪೆಟ್ರೋಲ್ ಬಂಕಿನ ಮೇಲೆ ಕ್ರಮಕ್ಕೆ ಮುಂದಾಗಿದ್ದಕ್ಕೆ 2005ರ ನವೆಂಬರ್ 19ರಂದು ಕೊಲೆಯಾದರು. ಇವರನ್ನು ನೆನೆಯಲೇಬೇಕು. ಆದರೆ ನೀತಿಪಾಠವೆಂದರೆ ಇದೇ ಕಥೆಗಳು ಎಂದಾದರೆ ಹಿಂದಿನ ಬೆಂಚಿನ ಹುಡುಗ ಕಲಿಯುವುದು ಬೇರೆಯೇ: ಸತ್ಯ ಹೇಳಿದವರು ಸಾಯುತ್ತಾರೆ, ನಮಗ್ಯಾಕೆ ಬೇಕು. ಸಾಯುವ ಸಂದರ್ಭ ಸಾವಿರಕ್ಕೊಬ್ಬರಿಗೂ ಬರುವುದಿಲ್ಲ. ಸುಳ್ಳು ಸಂಖ್ಯೆಗೆ ಸಹಿ ಹಾಕುವ ಸಂದರ್ಭ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಬರುತ್ತದೆ.

ಹಾಗಾಗಿ ನನ್ನ ಓಟು ಬೇರೊಂದು ಕಥೆಗೆ. ಅದರಲ್ಲೂ ಬೆಂಗಳೂರಿನವರೊಬ್ಬರಿದ್ದಾರೆ, ಪುಣ್ಯಕ್ಕೆ ಯಾರ ಕೊಲೆಯೂ ಆಗುವುದಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ವಾಹನಗಳ ಹೊಗೆ ಅಳೆಯುವ ಒಂದು ಕೇಂದ್ರವಿದೆ. 2013ರಲ್ಲಿ ಅಲ್ಲಿಯ ಸಂಶೋಧಕರಾದ ಹೇಮಂತ್ ಕಪ್ಪಣ್ಣ, ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಷ್ ಮೂವರು ಸಣ್ಣ ಅನುದಾನದಲ್ಲಿ ಒಂದು ಕೆಲಸ ಹಿಡಿದರು. ಡೀಸೆಲ್ ಕಾರುಗಳ ಹೊಗೆಯನ್ನು ಲ್ಯಾಬಿನ ರೋಲರ್ ಮೇಲಲ್ಲದೆ ರಸ್ತೆಯಲ್ಲೇ ಅಳೆಯುವುದು. ಕಾರಿನ ಹಿಂಭಾಗಕ್ಕೆ ಅಳತೆಯ ಯಂತ್ರ, ಜನರೇಟರ್ ಎಲ್ಲ ಕಟ್ಟಿಕೊಂಡು ಹೊರಟರು. ಒಂದು ಕಾರನ್ನು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಓಡಿಸಿದರು. ಯುರೋಪಿಗಿಂತ ಬಿಗಿಯಾದ ಅಮೆರಿಕದ ನಿಯಮದಲ್ಲಿ ಡೀಸೆಲ್ ಎಷ್ಟು ಶುದ್ಧವಾಗಿ ಉರಿಯುತ್ತದೆ ಎಂದು ತೋರಿಸಬೇಕೆಂಬುದೇ ಮೂಲ ಉದ್ದೇಶ.

ಬಂದ ಸಂಖ್ಯೆ ಅದಕ್ಕೆ ತದ್ವಿರುದ್ಧ. ಫೋಕ್ಸ್‌ವ್ಯಾಗನ್ ಜೆಟ್ಟಾ ಕಾರು ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು. ಇವೇ ಕಾರುಗಳು ಲ್ಯಾಬಿನ ರೋಲರ್ ಮೇಲೆ ಲಕ್ಷಣವಾಗಿ ಪಾಸಾಗುತ್ತಿದ್ದವು. ಸಂಶೋಧಕರು ಮೊದಲು ತಮ್ಮ ಯಂತ್ರದ ಮೇಲೇ ಅನುಮಾನಪಟ್ಟರು. ಮತ್ತೆ ಕ್ಯಾಲಿಬ್ರೇಟ್ ಮಾಡಿದರು, ಮತ್ತೆ ಓಡಿಸಿದರು. ಎಷ್ಟು ಸಲ ಮಾಡಿದರೂ ಅದೇ. ಕೊನೆಗೆ ಬಂದದ್ದನ್ನು ಬಂದ ಹಾಗೇ ಬರೆದರು. 2014ರ ಮೇನಲ್ಲಿ ವರದಿ ಹೊರಬಂದಾಗ ಅದರಲ್ಲಿ ಕಂಪನಿಯ ಹೆಸರೂ ಇರಲಿಲ್ಲ, ವಾಹನ ಎ, ಬಿ, ಸಿ ಎಂದಷ್ಟೇ ಇತ್ತು. ಉಳಿದದ್ದನ್ನು ಕ್ಯಾಲಿಫೋರ್ನಿಯಾದ ಅಧಿಕಾರಿಗಳು ಬೆನ್ನು ಹತ್ತಿದರು. 2015ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ತಿಳಿಯಿತು: ಜಗತ್ತಿನಾದ್ಯಂತ 1.1 ಕೋಟಿ ಕಾರುಗಳಲ್ಲಿ, ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತು ಮಾಡಿಕೊಂಡು ಆಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಕೂತಿತ್ತು. ಭಾರತದಲ್ಲೂ ಮೂರು ಲಕ್ಷಕ್ಕೂ ಮಿಕ್ಕಿ ಕಾರುಗಳನ್ನು ಕಂಪನಿ ವಾಪಸ್ ಕರೆಯಬೇಕಾಯಿತು.

ಈ ಸಾಫ್ಟ್‌ವೇರ್ ಪರೀಕ್ಷೆಯನ್ನು ಹೇಗೆ ಗುರುತಿಸುತ್ತಿತ್ತು? ಸ್ಟೀರಿಂಗ್ ತಿರುಗಿದೆಯೇ, ವೇಗ ಎಷ್ಟು, ಇಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ, ಗಾಳಿಯ ಒತ್ತಡ ಎಷ್ಟು ಇವನ್ನೆಲ್ಲ ನೋಡಿ. ರೋಲರ್ ಮೇಲಿನ ಕಾರಿನ ಚಕ್ರ ಉರುಳುತ್ತದೆ, ಸ್ಟೀರಿಂಗ್ ತಿರುಗುವುದಿಲ್ಲ. ಈಗ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ. ವೈಟ್‌ಫೀಲ್ಡಿನ ಒಂದು ಆಫೀಸಿನಲ್ಲಿ ನೀನು ಮೊದಲ ವರ್ಷದ ಡೆವಲಪರ್ ಎಂದುಕೊ. ನಿನ್ನ ಹೆಸರಿಗೆ ಒಂದು ಟಿಕೆಟ್ ಬರುತ್ತದೆ: ‘ಸ್ಟೀರಿಂಗ್ ಕೋನ ಸೊನ್ನೆಯಿದ್ದು ವೇಗ ಇಂತಿಷ್ಟಿದ್ದರೆ ಫ್ಲ್ಯಾಗ್ ಒಂದು ಮಾಡು’. ಮೂರು ಸಾಲಿನ ಕೋಡು, ಅರ್ಧ ದಿನದ ಕೆಲಸ. ಇದರಲ್ಲಿ ತಪ್ಪೇನಿದೆ? ಈ ಫ್ಲ್ಯಾಗ್ ಎಲ್ಲಿ ಬಳಕೆಯಾಗುತ್ತದೆ ಎಂದು ಕೇಳುವುದು ನಿನ್ನ ಕೆಲಸವೋ ಅಲ್ಲವೋ? ಕೇಳಿದರೆ ಲೀಡ್ ‘ಕ್ಲೈಂಟ್ ರಿಕ್ವೈರ್‌ಮೆಂಟ್ ಕಣಪ್ಪಾ, ಮಾಡಿ ಕ್ಲೋಸ್ ಮಾಡು’ ಎಂದರೆ?

ಫೋಕ್ಸ್‌ವ್ಯಾಗನ್ನಿನ ಅಮೆರಿಕ ಮುಖ್ಯಸ್ಥ ಮೈಕೆಲ್ ಹಾರ್ನ್ 2015ರ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ, ಇದು ಒಂದಿಬ್ಬರು ಸಾಫ್ಟ್‌ವೇರ್ ಇಂಜಿನಿಯರುಗಳ ಕೆಲಸ ಎಂದು ಕೈ ತೊಳೆದುಕೊಳ್ಳಲು ನೋಡಿದರು. ಅದನ್ನು ಬಹಳ ಜನ ನಂಬಲಿಲ್ಲ. ಆದರೆ 2017ರ ಆಗಸ್ಟಿನಲ್ಲಿ 40 ತಿಂಗಳ ಜೈಲು, ಎರಡು ಲಕ್ಷ ಡಾಲರ್ ದಂಡ ಬಿದ್ದದ್ದು ಜೇಮ್ಸ್ ಲಿಯಾಂಗ್ ಎಂಬ ಇಂಜಿನಿಯರಿಗೆ. ಮೂರು ದಶಕಕ್ಕೂ ಹೆಚ್ಚು ಕಾಲ ಕಂಪನಿಗೆ ದುಡಿದ ಮನುಷ್ಯ. ಒಳ್ಳೆಯ ನೌಕರನಾಗಿ ಹೇಳಿದ್ದನ್ನು ಮಾಡುವುದು ರಕ್ಷಣೆಯಲ್ಲ ಎಂಬುದನ್ನು ಸಾಫ್ಟ್‌ವೇರ್ ಊರಿನ ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಕಪ್ಪಣ್ಣ ಅವರ ಮುಂದಿನ ಕಥೆಯನ್ನೂ ಮುಚ್ಚಿಡಬಾರದು. ಜನರಲ್ ಮೋಟರ್ಸ್‌ನಲ್ಲಿ ಕೆಲಸಕ್ಕಿದ್ದ ಅವರು 2019ರ ಸಾಮೂಹಿಕ ಕಡಿತದಲ್ಲಿ ಕೆಲಸ ಕಳೆದುಕೊಂಡು ಬೆಂಗಳೂರಿಗೆ ಮರಳಬೇಕಾಯಿತು. ಕಡಿತಕ್ಕೂ ಹಳೆಯ ಸಂಶೋಧನೆಗೂ ಸಂಬಂಧವಿಲ್ಲ ಎಂದು ಕಂಪನಿ ಹೇಳಿತು. ಇರಲಿ, ನಿಜ ಹೇಳಿದವರಿಗೆ ಬಹುಮಾನ ಕಾದಿರುತ್ತದೆ ಎಂಬ ಭ್ರಮೆಯನ್ನಂತೂ ಹುಟ್ಟಿಸಬೇಕಿಲ್ಲ.

ಸಿವಿಲ್ ವಿಭಾಗದವರಿಗೆ ಫೋಕ್ಸ್‌ವ್ಯಾಗನ್ ಬೇಡ, ಕ್ಯೂಬ್ ಟೆಸ್ಟ್ ಸಾಕು. ಸ್ಲ್ಯಾಬ್ ಹಾಕುವ ದಿನ ಅದೇ ಕಾಂಕ್ರೀಟಿನಿಂದ 15 ಸೆಂಟಿಮೀಟರಿನ ಘನಗಳನ್ನು ಅಚ್ಚಿನಲ್ಲಿ ಹಾಕಿ, ನೀರಲ್ಲಿ ಕ್ಯೂರಿಂಗ್ ಮಾಡಿ, 28ನೇ ದಿನ ಯಂತ್ರದಲ್ಲಿ ಒತ್ತಿ ಒಡೆಯಬೇಕು. ಎಂ25 ಎಂದರೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ತಾಳಬೇಕು. ಸೈಟಿನಲ್ಲಿ ನಡೆಯುವುದು ಏನೆಂದು ಕೆಲಸ ಮಾಡಿದವರನ್ನು ಕೇಳಿ. ಕ್ಯೂಬಿಗೆಂದೇ ಸಿಮೆಂಟು ಹೆಚ್ಚು ಹಾಕಿ ಬೇರೆ ಮಿಶ್ರಣ ಕಲಸುತ್ತಾರೆ. ಸ್ಲ್ಯಾಬಿನ ಕಾಂಕ್ರೀಟು ಸ್ಲ್ಯಾಬಿಗೆ, ಟೆಸ್ಟಿನ ಕಾಂಕ್ರೀಟು ಟೆಸ್ಟಿಗೆ. ಫೋಕ್ಸ್‌ವ್ಯಾಗನ್ ಕಾರು ರೋಲರ್ ಮೇಲೆ ಒಂದು ಥರ, ರಸ್ತೆಯಲ್ಲಿ ಇನ್ನೊಂದು ಥರ ನಡೆದುಕೊಂಡದ್ದೂ ಇದೇ ಅಲ್ಲವೇ. ಜರ್ಮನ್ನರಿಗೆ ಅದಕ್ಕೆ ಕಂಪ್ಯೂಟರ್ ಬೇಕಾಯಿತು, ನಮ್ಮ ಮೇಸ್ತ್ರಿಗೆ ಒಂದು ಬಾಂಡ್ಲಿ ಸಾಕು.

ಈಗ ತರಗತಿಯ ಅಭ್ಯಾಸ. ಮೂರು ಕ್ಯೂಬ್ ಒಡೆದಿವೆ: 21, 22, 20. ಈ ಸ್ಲ್ಯಾಬಿನ ಮೇಲೆ ಆಗಲೇ ಇನ್ನೊಂದು ಅಂತಸ್ತು ಎದ್ದಿದೆ. ಕಂಟ್ರಾಕ್ಟರ್ ಬಂದು ‘ಇಂಜಿನಿಯರ್ ಸಾರ್, ಇಪ್ಪತ್ತಾರು ಅಂತ ಬರ್ಕೊಳ್ಳಿ, ಮುಂದಿನ ಬಿಲ್ಲು ನಿಂತ್ ಹೋಗುತ್ತೆ, ಎಲ್ಲರಿಗೂ ಸಂಬಳ ಆಗ್ಬೇಕು’ ಎನ್ನುತ್ತಾನೆ. ಬೆದರಿಕೆ ಇಲ್ಲ, ದುಡ್ಡಿನ ಮಾತೂ ಇಲ್ಲ, ವಿನಯವಾಗಿಯೇ ಕೇಳುತ್ತಿದ್ದಾನೆ. ಏನು ಮಾಡುತ್ತೀಯ? ‘ಬರೆಯೋದಿಲ್ಲ ಸರ್’ ಎಂದು ಇಡೀ ಕ್ಲಾಸು ಒಕ್ಕೊರಲಲ್ಲಿ ಕೂಗುತ್ತದೆ. ಆ ಉತ್ತರಕ್ಕೆ ಸೊನ್ನೆ. ಕೆಲಸ ಶುರುವಾಗುವುದು ಅಲ್ಲಿಂದ ಮುಂದೆ. ಮೊದಲು ಯಾರಿಗೆ ಹೇಳಬೇಕು? ಬಾಯಲ್ಲೋ, ಇಮೇಲ್‌ನಲ್ಲೋ? ಕ್ಯೂಬ್ ಕ್ಯೂರಿಂಗ್ ಸರಿಯಾಗಿತ್ತೇ, ಯಂತ್ರದ ಕ್ಯಾಲಿಬ್ರೇಷನ್ ಯಾವಾಗಿನದು ಎಂದು ಮೊದಲು ನೋಡಿದೆಯಾ? ಸ್ಲ್ಯಾಬಿನಿಂದಲೇ ಕೋರ್ ಕೊರೆದು ಪರೀಕ್ಷಿಸಲು ಅವಕಾಶವಿದೆ, ರೀಬೌಂಡ್ ಹ್ಯಾಮರ್ ಇದೆ; ಅದನ್ನು ಕೇಳಲು ನಿನಗೆ ಅಧಿಕಾರ ಇದೆಯಾ, ಇಲ್ಲದಿದ್ದರೆ ಯಾರಿಗಿದೆ? ಆ ಇಮೇಲನ್ನು ಈಗಲೇ ಬರೆ, ಆರು ಸಾಲಿನಲ್ಲಿ, ಯಾರನ್ನೂ ಕಳ್ಳ ಎನ್ನದೆ, ಒಂದು ಸಂಖ್ಯೆಯನ್ನೂ ಮರೆಮಾಚದೆ. ಆಮೇಲೆ ಪಕ್ಕದವನು ಕಂಟ್ರಾಕ್ಟರನಾಗಿ ಅದಕ್ಕೆ ಉತ್ತರ ಬರೆಯಲಿ.

ಇದು ನೀತಿಯೋ ಇಂಜಿನಿಯರಿಂಗೋ? ಬಿಡಿಸಲು ಬರುವುದಿಲ್ಲ. ಕ್ಯಾಲಿಬ್ರೇಷನ್ ಗೊತ್ತಿಲ್ಲದ ಪ್ರಾಮಾಣಿಕ ಸಜ್ಜನ ಆ ಸ್ಲ್ಯಾಬಿಗೆ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಈ ಪಾಠವನ್ನು ಯೂನಿವರ್ಸಲ್ ವ್ಯಾಲ್ಯೂಸ್ ಮೇಷ್ಟ್ರು ಮಾಡಲಾರರು, ಕಾಂಕ್ರೀಟ್ ಟೆಕ್ನಾಲಜಿಯ ಮೇಷ್ಟ್ರೇ ಮಾಡಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಗ್ರೋಸ್, ತತ್ವಶಾಸ್ತ್ರದ ಆ್ಯಲಿಸನ್ ಸಿಮನ್ಸ್ ಇಬ್ಬರೂ ಸೇರಿ 2017ರಲ್ಲಿ ಶುರು ಮಾಡಿದ ಪ್ರಯೋಗ ಇದೇ ದಾರಿಯದು. ಪ್ರತ್ಯೇಕ ನೀತಿಯ ಕೋರ್ಸ್ ಮಾಡುವ ಬದಲು, ಕಂಪ್ಯೂಟರ್ ವಿಷಯದ ಕೋರ್ಸುಗಳ ಒಳಗೇ ಒಂದೊಂದು ತರಗತಿ ಮೀಸಲಿಟ್ಟು, ಆ ಪಾಠಕ್ಕೇ ಹುಟ್ಟುವ ಪ್ರಶ್ನೆಯನ್ನು ಎತ್ತಿಕೊಳ್ಳುವುದು. ತತ್ವಶಾಸ್ತ್ರದವರು ಜೊತೆಗೆ ಬಂದು ಕೂರುತ್ತಾರೆ. ನಮ್ಮ ಕಾಲೇಜುಗಳಲ್ಲಿ ತತ್ವಶಾಸ್ತ್ರದವರನ್ನು ಎಲ್ಲಿಂದ ತರುವುದು ಎನ್ನಬೇಡಿ. ಊರಿನಲ್ಲಿ ಮೂವತ್ತು ವರ್ಷ ಸೈಟು ನೋಡಿ ನಿವೃತ್ತರಾದ ಪಿಡಬ್ಲ್ಯುಡಿ ಇಂಜಿನಿಯರ್ ಇದ್ದೇ ಇರುತ್ತಾರೆ. ತಾವು ಯಾವಾಗ ಸಹಿ ಹಾಕಲಿಲ್ಲ, ಯಾವಾಗ ಹಾಕಿಬಿಟ್ಟೆವು ಎಂದು ಅವರು ಮನಬಿಚ್ಚಿ ಮಾತಾಡಿದರೆ ಒಂದು ಸೆಮಿಸ್ಟರಿಗೆ ಸಾಕು.

ಕೇಸ್ ಆರಿಸುವಾಗ ಸಂಪೂರ್ಣ ಒಳ್ಳೆಯವರ ಕಥೆ ಬೇಡ ಎಂದು ನನಗನಿಸುತ್ತದೆ. ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡವನ್ನು ಜಗತ್ತಿನ ಎಷ್ಟೋ ಕಡೆ ನೀತಿಪಾಠವಾಗಿ ಹೇಳುತ್ತಾರೆ. ಕಟ್ಟಡದ ಮೂಲೆಗೆ ಓರೆಯಾಗಿ ಗಾಳಿ ಬೀಸಿದರೆ ಏನಾಗುತ್ತದೆ ಎಂದು ಪ್ರಿನ್ಸ್‌ಟನ್‌ನ ಡಯೇನ್ ಹಾರ್ಟ್ಲಿ ಎಂಬ ವಿದ್ಯಾರ್ಥಿನಿ 1978ರಲ್ಲಿ ತನ್ನ ಪ್ರಬಂಧಕ್ಕಾಗಿ ಲೆಕ್ಕ ಕೇಳಿದ್ದರು. ವಿನ್ಯಾಸಕಾರ ವಿಲಿಯಂ ಲಮೆಶುರಿಯರ್ ಮತ್ತೆ ಲೆಕ್ಕ ಹಾಕಿದಾಗ, ವೆಲ್ಡಿಂಗ್ ಬದಲು ಬೋಲ್ಟ್ ಹಾಕಿದ ಕೀಲುಗಳು ದೊಡ್ಡ ಬಿರುಗಾಳಿಗೆ ತಡೆಯುವುದಿಲ್ಲ ಎಂದು ಕಂಡಿತು. ಅವರು ಅದನ್ನು ಮುಚ್ಚಿಡದೆ ಮಾಲೀಕರ ಮುಂದೆ ಒಪ್ಪಿಕೊಂಡರು, ರಾತ್ರಿ ಹೊತ್ತು ಕೀಲುಗಳಿಗೆ ಉಕ್ಕಿನ ತಟ್ಟೆ ಬೆಸೆಸಿದರು. ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ. ಆದರೆ ಕಟ್ಟಡದ ಸುತ್ತ ಬದುಕುತ್ತಿದ್ದ ಜನರಿಗೆ ಆಗ ಏನೂ ಹೇಳಲಿಲ್ಲ. 1995ರಲ್ಲಿ ‘ದಿ ನ್ಯೂಯಾರ್ಕರ್’ ಬರೆಯುವವರೆಗೆ ಊರಿಗೆ ಗೊತ್ತಿರಲಿಲ್ಲ. ಚಪ್ಪಾಳೆ ಹೊಡೆದ ಕ್ಲಾಸಿಗೆ ಈ ಎರಡನೇ ಅರ್ಧವನ್ನು ಹೇಳಿ ಹತ್ತು ನಿಮಿಷ ಸುಮ್ಮನಿದ್ದರೆ ಮೇಷ್ಟ್ರ ಕೆಲಸ ಹುಡುಗರೇ ಮಾಡುತ್ತಾರೆ.

ಇಂಥ ಪಾಠಕ್ಕೆ ಅಡ್ಡಿಗಳೂ ಚಿಕ್ಕವಲ್ಲ. ಹಾಜರಾತಿ ತುಂಬಿಸು, ಇಂಟರ್ನಲ್ಸ್ ಏರಿಸು, ನಡೆಯದ ವರ್ಕ್‌ಶಾಪಿನ ಫೋಟೊ ಹಾಕು ಎಂದು ಆಡಳಿತ ಮಂಡಳಿಯಿಂದ ಹೇಳಿಸಿಕೊಳ್ಳುವ ಮೇಷ್ಟ್ರು ಯಾವ ಮುಖ ಇಟ್ಟುಕೊಂಡು ಕ್ಯೂಬಿನ ಪಾಠ ಮಾಡಬೇಕು? ಎಷ್ಟೋ ಕಡೆ ಅವರು ಅತಿಥಿ ಉಪನ್ಯಾಸಕರು, ಸಂಬಳವೇ ಸಮಯಕ್ಕೆ ಬರುವುದಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟನ್ನು ರೆಡಿಮೇಡ್ ಮಾಡಿಕೊಡುವ ಅಂಗಡಿಗಳು ಬೋರ್ಡ್ ಹಾಕಿಕೊಂಡೇ ಇವೆ; ಕಾಲೇಜಿಗೆ ಅದು ಗೊತ್ತು, ವೈವಾಕ್ಕೆ ಬರುವ ಎಕ್ಸ್‌ಟರ್ನಲ್‌ಗೂ ಗೊತ್ತು. ಇವನ್ನೆಲ್ಲ ಹಾಗೇ ಬಿಟ್ಟು ಇನ್ನೊಂದು ಕ್ರೆಡಿಟ್ ಸೇರಿಸಿದರೆ ಪುರಾಣದ ಬದನೆಕಾಯಿಗೆ ಇನ್ನೊಂದು ಕೊಂಬೆ ಬಂದಂತೆ. ಹಾಗೆಂದು ಎಲ್ಲ ಸರಿಹೋಗಲಿ ಎಂದು ಕಾಯಬೇಕಿಲ್ಲ. ಲ್ಯಾಬ್ ಅಂಕದ ಲೆಕ್ಕ ಬದಲಿಸಲು ಯಾವ ಆದೇಶವೂ ಬೇಕಾಗದ ಸ್ವಾಯತ್ತ ಕಾಲೇಜುಗಳು ನಮ್ಮಲ್ಲಿ ಬೇಕಾದಷ್ಟಿವೆ. ಉತ್ತರಕ್ಕೆ ಅರ್ಧ, ದೋಷ ಎಲ್ಲಿಂದ ಬಂತೆಂದು ಬರೆದದ್ದಕ್ಕೆ ಅರ್ಧ ಅಂಕ ಎಂದು ಅವು ನಾಳೆಯೇ ಮಾಡಬಹುದು. ರೀಡಿಂಗನ್ನು ಪೆನ್ಸಿಲ್ಲಿನಲ್ಲಿ ಬರೆಯಬಾರದು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು ಎಂಬ ಹಳೆಯ ನಿಯಮವನ್ನು ಗಟ್ಟಿ ಮಾಡಬಹುದು.

ಕಾಲೇಜಿನಿಂದ ಆಚೆ ಹೋದ ಮೇಲೆ ಇಂಜಿನಿಯರನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಈ ದೇಶದಲ್ಲಿ ತೆಳುವಾಗಿದೆ. ವೈದ್ಯರಿಗೆ ಮೆಡಿಕಲ್ ಕಮಿಷನ್, ವಕೀಲರಿಗೆ ಬಾರ್ ಕೌನ್ಸಿಲ್, ಆರ್ಕಿಟೆಕ್ಟರಿಗೂ 1972ರ ಕಾಯ್ದೆ ಇದೆ. ಇಂಜಿನಿಯರುಗಳಿಗೆ ದೇಶಮಟ್ಟದ ಕಾನೂನುಬದ್ಧ ಪರವಾನಗಿಯೇ ಇಲ್ಲ, ಇಲ್ಲದ ಪರವಾನಗಿಯನ್ನು ಕಿತ್ತುಕೊಳ್ಳುವ ಭಯವೂ ಇಲ್ಲ. ಕೆನಡಾಗೆ ಹೋಗುವ ನಮ್ಮ ಹುಡುಗರು ಅಲ್ಲಿ ವೃತ್ತಿಪರ ಇಂಜಿನಿಯರ್ ಎನಿಸಿಕೊಳ್ಳಲು ಕಾನೂನು ಮತ್ತು ನೀತಿಯ ಪರೀಕ್ಷೆ ಬರೆಯಬೇಕು. ಇಲ್ಲಿ ಡಿಗ್ರಿಯೇ ಮೊದಲ ಮತ್ತು ಕೊನೆಯ ಬಾಗಿಲು.

ತಪ್ಪು ಕಂಡವನು ಹೇಳಿಕೊಳ್ಳಲು ಎಲ್ಲಿಗೆ ಹೋಗಬೇಕು ಎಂಬುದನ್ನೂ ಸಿಲಬಸ್ಸಿಗೆ ಸೇರಿಸಬೇಕು. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಾದರೆ 2013ರ ಕಂಪನಿ ಕಾಯ್ದೆಯಂತೆ ದೂರು ಹೇಳಲು ಒಳದಾರಿಯೊಂದನ್ನು ಇಟ್ಟಿರಲೇಬೇಕು, ದೂರು ಕೊಟ್ಟವರನ್ನು ಕಾಡಬಾರದು. ಕೇಂದ್ರ ಸರ್ಕಾರದ ಕಚೇರಿಯಾದರೆ, ಸತ್ಯೇಂದ್ರ ದುಬೆ ಸತ್ತ ಮೇಲೆ 2004ರಲ್ಲಿ ಬಂದ ನಿರ್ಣಯದಂತೆ ಕೇಂದ್ರ ಜಾಗೃತ ಆಯೋಗಕ್ಕೆ ಹೆಸರು ಗುಟ್ಟಾಗಿಟ್ಟು ಬರೆಯಬಹುದು. ಇದನ್ನೇ ಗಟ್ಟಿ ಮಾಡಲು ವಿಷಲ್ ಬ್ಲೋವರ್ಸ್ ರಕ್ಷಣಾ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿತು, ರಾಷ್ಟ್ರಪತಿ ಅಂಕಿತವೂ ಬಿತ್ತು. ದಶಕ ಕಳೆದರೂ ಅದನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಬಿದ್ದಿಲ್ಲ. ಕ್ಯೂಬಿನ ಇಮೇಲ್ ಬರೆಸುವ ಮೇಷ್ಟ್ರು ಇದನ್ನೂ ಬೋರ್ಡಿನ ಮೇಲೆ ಬರೆಯಬೇಕು, ಇಸವಿ ಸಮೇತ.